ಮನೆಯ ಅಂತಸ್ತೂ ಮನುಷ್ಯನ ಅಂತಸ್ತೂ

ನಮ್ಮ ಭಾಷೆಯಲ್ಲಿ ಅಂತಸ್ತು ಎಂಬ ಒಂದು ಮಾತಿದೆ. ಮೂರು ಅಂತಸ್ತಿನ ಮನೆ ಎಂದು ಹೇಳುವಾಗ ಅದು ಮಾಳಿಗೆಗಳ ಲೆಕ್ಕವಾಗಿದೆ. ಈ ಸಂಬಂಧವು ಅವರ ಅಂತಸ್ತಿಗೆ ತಕ್ಕದ್ದಲ್ಲ ಎಂದು ಹೇಳುವಾಗ ಅದು ಮನುಷ್ಯನ ಮಾನ, ಹಣ, ಸ್ಥಾನ ಇವುಗಳ ಲೆಕ್ಕವಾಗಿದೆ. ಕಲ್ಲು ಗಾರೆಯ ಕಟ್ಟಡಕ್ಕೂ ರಕ್ತಮಾಂಸವುಳ್ಳ ಮನುಷ್ಯನಿಗೂ ಒಂದೇ ಮಾತು ಸಲ್ಲುವದು ಹೇಗೆ? ಮನೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋದರೆ ಮನುಷ್ಯರನ್ನೂ ಒಬ್ಬರ ಮೇಲೊಬ್ಬರನ್ನು ಇರಿಸಿದ ಹಾಗಾಗುವದೋ? ಅಥವಾ ಈ ಎರಡು ಅರ್ಥಗಳನ್ನು ನಾವೇ ಕಟ್ಟಿ ಬಿಗಿದಿದ್ದೇವೋ? ಈ ಪ್ರಶ್ನೆಯನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸೋಣ.

ಇದು ಪಟ್ಟಣದವರ ವಿಷಯ, ಗದ್ದೆ ತೋಟದ ನಡುವೆ ಹಂಚಿನ ಮಾಡಿನ ಕೆಳಗೆ ಇರುವ ನಮಗೆ ಇದರಿಂದ ಏನು ಎಂದು ಯಾರೂ ಎಣಿಸಬಾರದು. ಬಂಟವಾಳ, ಬೆಳ್ತಂಗಡಿ, ಮೂಡಬಿದ್ರೆ ಈ ಸೀಮೆಗಳಲ್ಲಿ ಮಗನೋ ಮಗಳೋ ಅಳಿಯನೋ ಪರವೂರಿನಲ್ಲಿ ಇರದ ಮನೆಗಳು ಎಷ್ಟಿವೆ? ಕೆಲವರು ಮಂಗಳೂರಿನಲ್ಲಿ ಗೋಪುರದಂಥ ಕಟ್ಟಡಗಳಿಗೆ ಕಬ್ಬಿಣ ಕಟ್ಟುತ್ತಾರೆ. ಕೆಲವರು ಬೆಂಗಳೂರಿನಲ್ಲಿ ಅಂಥವುಗಳ ಬಾಗಿಲು ಕಾಯುತ್ತಾರೆ. ಕೆಲವರು ಮುಂಬಯಿಯಲ್ಲೂ ದುಬೈಯಲ್ಲೂ ಅವುಗಳೊಳಗೆ ಲೆಕ್ಕ ಬರೆಯುತ್ತಾರೆ. ಇನ್ನು ಕೆಲವರು ಸಾಲಮಾಡಿಯಾದರೂ ಹನ್ನೆರಡನೇ ಅಂತಸ್ತಿನಲ್ಲಿ ಒಂದು ಫ್ಲ್ಯಾಟನ್ನು ಕೊಂಡುಕೊಂಡಿದ್ದಾರೆ. ಹೀಗಿರಲಾಗಿ ಕಟ್ಟುವವರೂ ಕಾಯುವವರೂ ವಾಸಿಸುವವರೂ ನಮ್ಮ ಮಕ್ಕಳೇ. ಎತ್ತರದ ಊರಿನಲ್ಲಿ ಮನುಷ್ಯನು ಮನುಷ್ಯನ ಸಂಗಡ ಹೇಗಿರಬೇಕೆಂಬದು ನಮ್ಮ ಮನೆಯ ಪ್ರಶ್ನೆಯೇ ಆಗಿದೆ.

ಮುಂದಿನ ಕಾಲದ ಪಟ್ಟಣವು ಹೇಗಿರುವದೆಂದು ಲೋಕವು ಬಹಳ ಹಿಂದೆಯೇ ಊಹಿಸಿದೆ. 1927ನೇ ಇಸವಿಯ ಜನವರಿಯಲ್ಲಿ ಜರ್ಮನಿಯ ಬರ್ಲಿನ್ ಪಟ್ಟಣದಲ್ಲಿ ಮೆಟ್ರೊಪೊಲಿಸ್ ಎಂಬ ಮೂಕ ಚಿತ್ರವು ಮೊದಲ ಸಾರಿ ತೋರಿಸಲ್ಪಟ್ಟಿತು. ಅದನ್ನು ಮಾಡಿದವನು ಫ್ರಿಟ್ಸ್ ಲಾಂಗ್; ಕಥೆಯನ್ನು ಬರೆದವಳು ಅವನ ಹೆಂಡತಿಯಾದ ಥೆಯಾ ಫೊನ್ ಹಾರ್ಬು. ಅದರಲ್ಲಿ ಬರುವ ಮಹಾಪಟ್ಟಣಕ್ಕೆ ಆಕಾಶವನ್ನು ಮುಟ್ಟುವ ಕಟ್ಟಡಗಳುಂಟು. ಧಣಿಗಳ ಮಕ್ಕಳು ಮೇಲೆ ಬೆಳಕಿನಲ್ಲಿ, ತೋಟಗಳಲ್ಲಿ, ಆಟಗಳಲ್ಲಿ ಕಾಲ ಕಳೆಯುತ್ತಾರೆ. ಅವರ ಕೆಳಗೆ ಯಂತ್ರಶಾಲೆಗಳು. ಅವುಗಳಿಗೂ ಕೆಳಗೆ, ನೆಲದ ಆಳದಲ್ಲಿ, ಕೂಲಿಗಳ ಊರು; ಅಲ್ಲಿಗೆ ಹಗಲೂ ಇಲ್ಲ, ಗಾಳಿಯೂ ಇಲ್ಲ. ಮೇಲಿನವರಿಗೆ ಕೆಳಗೆ ಯಾರಿದ್ದಾರೆಂಬದೇ ತಿಳಿಯದು. ಆ ಚಿತ್ರದಲ್ಲಿ ಬಾಬೆಲಿನ ಗೋಪುರದ ಕಥೆಯೂ ಬರುತ್ತದೆ. ಆದರೆ ನಮಗೆ ಪರಿಚಯವಿರುವ ರೀತಿಯಲ್ಲಿ ಅಲ್ಲ. ಅಲ್ಲಿ ಭಾಷೆಗಳು ತಾರುಮಾರಾಗುವದಿಲ್ಲ. ಗೋಪುರವನ್ನು ಯೋಚಿಸಿದವರೂ ಅದಕ್ಕೆ ಕಲ್ಲು ಹೊತ್ತವರೂ ಒಂದೇ ಭಾಷೆಯನ್ನು ಆಡುತ್ತಾರೆ. ಅದಾಗ್ಯೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಹೋಗುತ್ತದೆ. ಇದು ಆಲೋಚಿಸತಕ್ಕ ಸಂಗತಿಯಲ್ಲವೋ?

ಅದು ಬರೀ ಕಥೆ ಎಂದು ಬಿಡುವ ಹಾಗಿಲ್ಲ. ಸೌದಿ ಅರೇಬಿಯ ದೇಶದವರು 2021ರಲ್ಲಿ ಒಂದು ಹೊಸ ಪಟ್ಟಣವನ್ನು ಸಾರಿ, 2022ರಲ್ಲಿ ಅದರ ಅಳತೆಗಳನ್ನು ತೋರಿಸಿದರು. ದಿ ಲೈನ್ ಎಂದು ಅದರ ಹೆಸರು. ಮರುಭೂಮಿಯಲ್ಲಿ 170 ಕಿಲೋಮೀಟರ್ ಉದ್ದ, 200 ಮೀಟರ್ ಅಗಲ, 500 ಮೀಟರ್ ಎತ್ತರದ ಒಂದೇ ಗೋಡೆಯಂಥ ಕಟ್ಟಡ. ಅದರೊಳಗೆ 90 ಲಕ್ಷ ಜನರು. ಅನಂತರ ಆ ಕೆಲಸವನ್ನು ಬಹಳ ಮಟ್ಟಿಗೆ ಮೊಟಕುಮಾಡಲಾಯಿತೆಂದು ವರ್ತಮಾನ ಬಂತು. ಆದರೆ ಆ ನೆಲದಲ್ಲಿ ತಲೆಮಾರುಗಳಿಂದ ಇದ್ದ ಹುವೈತಾತ್ ಎಂಬ ಕುಲದವರ ಹಳ್ಳಿಗಳು ಅಷ್ಟರಲ್ಲಿ ಬರಿದಾಗಿದ್ದವು. ಪಟ್ಟಣವು ಏಳುವದಕ್ಕೆ ಮುಂಚೆಯೇ ಕೆಳಗಿನವರು ಯಾರೆಂಬದು ಗೊತ್ತಾಗಿ ಹೋಯಿತು.

ಈಗ ಮೊದಲನೇ ಪ್ರಶ್ನೆಗೆ ಬರೋಣ. ಎತ್ತರವೆಂದರೆ ಹಿರಿಮೆ, ತಗ್ಗೆಂದರೆ ಕೀಳು ಎಂಬದು ಸೃಷ್ಟಿಯಲ್ಲೇ ಇರುವ ನಿಯಮವೋ? ಇದಕ್ಕೆ ಮೂರು ಸಾಕ್ಷಿಗಳನ್ನು ಕೇಳೋಣ.

ಒಂದನೇ ಸಾಕ್ಷಿಯು ನಮ್ಮ ಗದ್ದೆಗಳೇ. ನಮ್ಮ ಜಿಲ್ಲೆಯಲ್ಲಿ ಭೂಮಿಗೆ ಬೈಲು, ಮಜಲು, ಬೆಟ್ಟು ಎಂಬ ಮೂರು ಅಂತಸ್ತುಗಳುಂಟೆಂದು ಚಿಕ್ಕ ಮಕ್ಕಳೂ ಬಲ್ಲರು. ಎಲ್ಲಕ್ಕೂ ತಗ್ಗಿನಲ್ಲಿರುವದು ಬೈಲು; ಅಲ್ಲಿ ನೀರು ನಿಲ್ಲುತ್ತದೆ, ಗುಡ್ಡದ ಸಾರವೆಲ್ಲಾ ಅಲ್ಲಿಗೆ ಇಳಿದು ಬರುತ್ತದೆ, ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳನ್ನು ಅದು ಕೊಡಬಲ್ಲದು. ನಡುವಿನ ಮಜಲು ಎರಡು ಬೆಳೆಯ ಭೂಮಿ. ಎಲ್ಲಕ್ಕೂ ಎತ್ತರದ ಬೆಟ್ಟುಗದ್ದೆಯು ಮಳೆಯನ್ನೇ ನಂಬಿ ಒಂದು ಬೆಳೆಯನ್ನು ಮಾತ್ರ ಕೊಡುತ್ತದೆ. ಅಣ್ಣತಮ್ಮಂದಿರು ಪಾಲುಮಾಡಿಕೊಳ್ಳುವಾಗ, ಎತ್ತರದಲ್ಲಿದೆ ಎಂಬ ಕಾರಣಕ್ಕಾಗಿ ಬೆಟ್ಟುಗದ್ದೆಯೇ ನನಗಿರಲಿ ಎಂದು ಜಗಳವಾಡಿದವನನ್ನು ನೀವು ಕಂಡಿದ್ದೀರೋ? ಆದದರಿಂದ ಮಣ್ಣಿನ ಲೆಕ್ಕದಲ್ಲಿ ತಗ್ಗೇ ಐಶ್ವರ್ಯ, ಎತ್ತರವೇ ಬಡತನ.

ಎರಡನೇ ಸಾಕ್ಷಿಯು ಪಟ್ಟಣಗಳ ಹಳೆಯ ಚರಿತ್ರೆ. ಪ್ರಾಚೀನ ರೋಮಾಪುರಿಯಲ್ಲಿ ಐದಾರು ಮಾಳಿಗೆಗಳ ಬಾಡಿಗೆಯ ಮನೆಗಳಿದ್ದವು. ಅವುಗಳಲ್ಲಿ ಅನುಕೂಲಸ್ಥರು ಕೆಳಗೆ ಇದ್ದರು; ಬಡವರು ಎಲ್ಲಕ್ಕೂ ಮೇಲೆ ಇದ್ದರು. ಯಾಕಂದರೆ ನೀರನ್ನು ಮೆಟ್ಟಿಲುಗಳ ಮೇಲೆ ಹೊತ್ತುಕೊಂಡು ಹೋಗಬೇಕಾಗಿತ್ತು, ಬೆಂಕಿ ಬಿದ್ದರೆ ಮೇಲಿನವರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಪಾರಿಸ್ ಪಟ್ಟಣದಲ್ಲಿಯೂ ನೂರೈವತ್ತು ವರುಷಗಳ ಹಿಂದಿನ ತನಕ ಹೀಗೆಯೇ ಇತ್ತು: ಧನವಂತನು ಮೊದಲನೇ ಮಾಳಿಗೆಯಲ್ಲಿ, ಅವನ ಆಳು ಮಾಡಿನ ಕೆಳಗಿನ ಅಟ್ಟದಲ್ಲಿ. ಈ ಕ್ರಮವನ್ನು ತಲೆಕೆಳಗು ಮಾಡಿದ್ದು ಒಂದು ಯಂತ್ರ. 1854ರಲ್ಲಿ ಅಮೇರಿಕದ ನ್ಯೂಯಾರ್ಕ್ ಪಟ್ಟಣದ ವಸ್ತುಪ್ರದರ್ಶನದಲ್ಲಿ ಎಲೀಷ ಓಟಿಸ್ ಎಂಬವನು ಹಗ್ಗದಿಂದ ತೂಗಹಾಕಿದ ಒಂದು ಹಲಗೆಯ ಮೇಲೆ ನಿಂತು, ನೆರೆದವರ ಕಣ್ಣೆದುರಿಗೆ ಹಗ್ಗವನ್ನು ಕಡಿಸಿದನು. ಹಲಗೆಯು ಬೀಳಲಿಲ್ಲ, ಅವನು ಕಂಡುಹಿಡಿದ ತಡೆಯು ಅದನ್ನು ಹಿಡಿದು ನಿಲ್ಲಿಸಿತು. 1857ರಲ್ಲಿ ಅದೇ ಪಟ್ಟಣದ ಐದು ಅಂತಸ್ತಿನ ಒಂದು ಅಂಗಡಿಯಲ್ಲಿ ಅವನ ಲಿಫ್ಟು ಗಿರಾಕಿಗಳನ್ನು ಹೊತ್ತು ಏರಿತು. 1885ರಲ್ಲಿ ಶಿಕಾಗೊ ಪಟ್ಟಣದಲ್ಲಿ ಲೋಹದ ಅಸ್ಥಿಪಂಜರದ ಮೇಲೆ ಹತ್ತು ಅಂತಸ್ತಿನ ಕಟ್ಟಡವು ಎದ್ದಿತು. ಕಾಲುನೋವಿಲ್ಲದೆ ಏರುವ ದಾರಿಯು ದೊರೆತ ಕೂಡಲೇ ಅದು ವರೆಗೆ ಆಳುಗಳಿಗೆ ಬಿಟ್ಟಿದ್ದ ಎತ್ತರವು ಧಣಿಗಳಿಗೆ ರುಚಿಸಿತು; ಗಾಳಿ, ಬೆಳಕು, ದೂರದ ನೋಟ ಇವೆಲ್ಲಾ ಅಲ್ಲಿವೆಯೆಂದು ಆಗ ಅವರಿಗೆ ಕಂಡಿತು. ಎತ್ತರವು ಮುಂಚೆ ಇದ್ದಷ್ಟೇ ಇತ್ತು. ಬದಲಾದದ್ದು ಏರುವ ದಾರಿ.

ಮೂರನೇ ಸಾಕ್ಷಿಯು ಬೆಳ್ತಂಗಡಿಯ ಗಡಾಯಿಕಲ್ಲು. ಮಳೆಗಾಲದಲ್ಲಿ ಮೋಡವನ್ನು ಮುಸುಕುಹಾಕಿಕೊಂಡು ನಿಲ್ಲುವ ಆ ಒಂಟಿ ಬಂಡೆಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನನು ಕೋಟೆಯನ್ನು ಕಟ್ಟಿಸಿ ತನ್ನ ತಾಯಿಯ ನೆನಪಿಗಾಗಿ ಜಮಾಲಾಬಾದ್ ಎಂದು ಹೆಸರಿಟ್ಟನು. ಆ ಕೋಟೆಯ ಬಲವು ಯಾವದರಲ್ಲಿತ್ತು? ಬಂಡೆಯ ಎತ್ತರದಲ್ಲಿ ಮಾತ್ರವಲ್ಲ. ಕಲ್ಲನ್ನು ಕಡಿದು ಮಾಡಿದ ಇಕ್ಕಟ್ಟಾದ ಮೆಟ್ಟಲುಗಳ ಒಂದೇ ದಾರಿ ಅದಕ್ಕಿದೆ, ಬೇರೆ ದಾರಿಯಿಲ್ಲ. ಆ ದಾರಿಯ ಮೇಲ್ಗಡೆಯಲ್ಲಿ ನಾಲ್ಕು ಮಂದಿ ನಿಂತರೆ ಕೆಳಗೆ ನಾನೂರು ಮಂದಿ ಕೈಕಟ್ಟಿ ನಿಲ್ಲಬೇಕು. ಈಗಲಾದರೋ ಅದೇ ಮೆಟ್ಟಲುಗಳನ್ನು ಶಾಲೆಯ ಹುಡುಗರು ನಗುತ್ತಾ ಹತ್ತುತ್ತಾರೆ. ಬಂಡೆಯು ಒಂದು ಅಂಗುಲವೂ ತಗ್ಗಲಿಲ್ಲ. ದಾರಿಯ ಕಾವಲು ಮಾತ್ರ ಹೋಯಿತು. ಕೂಡಲೇ ಭಯದ ಬೆಟ್ಟವು ಆನಂದದ ಬೆಟ್ಟವಾಯಿತು.

ಈ ಮೂವರ ಸಾಕ್ಷ್ಯವು ಒಂದೇ ಆಗಿದೆ. ಎತ್ತರಕ್ಕೆ ತನ್ನಲ್ಲಿಯೇ ಮಾನವೂ ಇಲ್ಲ, ಅಪಮಾನವೂ ಇಲ್ಲ. ಮನುಷ್ಯರನ್ನು ಮೇಲು ಕೀಳಾಗಿ ಭಾಗಿಸುವದು ಕಟ್ಟಡದ ಅಂತಸ್ತಲ್ಲ. ಅದಕ್ಕೆ ಇಟ್ಟಿರುವ ದಾರಿ, ಅದರ ಬಾಗಿಲು, ಆ ಬಾಗಿಲಲ್ಲಿ ನಿಂತಿರುವ ಕಾವಲು. ಮೂಡಬಿದ್ರೆಯ ಸಾವಿರ ಕಂಬದ ಬಸದಿಯು 1430ರಲ್ಲಿ ಮೂರು ಅಂತಸ್ತಾಗಿ ಎದ್ದಿತು. ಅದರ ಎತ್ತರವನ್ನು ಕಂಡು ಯಾರ ಎದೆಯೂ ಕುಗ್ಗುವದಿಲ್ಲ. ಅದನ್ನು ಕೆತ್ತಿದ ಶಿಲ್ಪಿಯ ಕೈಗೆ ಎಲ್ಲರೂ ತಲೆದೂಗುತ್ತಾರೆ. ಆದದರಿಂದ ಎತ್ತರದ ಕಟ್ಟಡವೆಲ್ಲಾ ಪಾಪದ ಕಟ್ಟಡವೆಂದು ಹಳಿಯುವವರ ಸಂಗಡ ನಾವು ಸೇರಲಾರೆವು.

ಹಾಗಾದರೆ ಈಗಿನ ಪಟ್ಟಣಗಳ ಬಾಗಿಲುಗಳು ಹೇಗಿವೆ? ಮುಂಬಯಿಯನ್ನು ನೋಡಿರಿ. ನಮ್ಮ ಜಿಲ್ಲೆಯ ಹುಡುಗರು ಆ ಪಟ್ಟಣವನ್ನು ಮೊದಲು ಕಂಡದ್ದು ನೆಲದ ಮಟ್ಟದಿಂದಲೇ. ಹಗಲೆಲ್ಲಾ ಹೊಟೇಲಿನಲ್ಲಿ ಲೋಟ ತೊಳೆದು, ಸಂಜೆ ರಾತ್ರಿಶಾಲೆಯಲ್ಲಿ ಪಾಠ ಕಲಿತು, ಅದೇ ಹೊಟೇಲಿನ ಮೇಜುಗಳ ನಡುವೆ ಚಾಪೆ ಹಾಸಿಕೊಂಡು ಮಲಗಿ ಮೇಲೆ ಬಂದವರು ಅನೇಕರು. ಅದೇ ಪಟ್ಟಣದಲ್ಲಿ 2010ರ ಸುಮಾರಿಗೆ ಒಂದೇ ಒಂದು ಕುಟುಂಬದ ವಾಸಕ್ಕಾಗಿ ಆಂಟಿಲಿಯಾ ಎಂಬ 27 ಅಂತಸ್ತಿನ ಮನೆಯು ಎದ್ದಿತು. ಅದರ ಎತ್ತರವು 170 ಮೀಟರಿಗಿಂತಲೂ ಹೆಚ್ಚು. ಅದೇ ಪಟ್ಟಣದ ಧಾರಾವಿಯಲ್ಲಿ ಎರಡು ಮೂರು ಚದರ ಕಿಲೋಮೀಟರಿನೊಳಗೆ ಲಕ್ಷಾಂತರ ಜನರು ಒತ್ತೊತ್ತಾಗಿ ಇರುತ್ತಾರೆ.

ಆದರೆ ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಸಂಗತಿಯುಂಟು. 1995ರಲ್ಲಿ ಅಲ್ಲಿ ಗುಡಿಸಲುವಾಸಿಗಳಿಗಾಗಿ ಒಂದು ಯೋಜನೆಯು ಮಾಡಲ್ಪಟ್ಟಿತು. ಗುಡಿಸಲುಗಳಿದ್ದ ನೆಲದ ಒಂದು ಭಾಗದಲ್ಲಿ ಅವರಿಗೆ ಧರ್ಮಾರ್ಥವಾಗಿ ಎತ್ತರದ ಮನೆ. ಉಳಿದ ಭಾಗದಲ್ಲಿ ಕಟ್ಟುವವನು ಮಾರಿಕೊಳ್ಳತಕ್ಕ ಇನ್ನೂ ಎತ್ತರದ ಮನೆ. ಬಡವನ ಮನೆಗೆ ಮೊದಲು 225 ಚದರ ಅಡಿ, ಆಮೇಲೆ 269, ಅನಂತರ 300 ಚದರ ಅಡಿ ನೇಮಿಸಲ್ಪಟ್ಟವು. ತಲೆಯ ಮೇಲೆ ಸೋರದ ಮಾಡು, ಸ್ವಂತ ನಳ್ಳಿ, ಸ್ವಂತ ಕಕ್ಕಸು ಇವು ದೊರೆತದ್ದನ್ನು ನಾವು ಅಲ್ಪವೆಂದು ಹೇಳಬಾರದು. ಅದಾಗ್ಯೂ ಒಂದೇ ನೆಲದಲ್ಲಿ ಎರಡು ಗೋಪುರಗಳು, ನಡುವೆ ಗೋಡೆ, ಬೇರೆ ಬೇರೆ ಬಾಗಿಲು. ಗೋವಂಡಿ, ಮಾನ್‌ಖುರ್ದ್ ಎಂಬ ಕಡೆಗಳಲ್ಲಿ ಬಡವರಿಗಾಗಿ ಎದ್ದ ಕಟ್ಟಡಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆಯೆಂದರೆ, ಕೆಳಗಿನ ಅಂತಸ್ತುಗಳಿಗೆ ಬಿಸಿಲೂ ಗಾಳಿಯೂ ಸರಿಯಾಗಿ ಹೋಗುವದಿಲ್ಲ. ಅಂಥ ಮನೆಗಳಲ್ಲಿ ಕ್ಷಯರೋಗವು ಹೆಚ್ಚೆಂದು ವೈದ್ಯರ ಪರಿಶೋಧನೆಯಿಂದ 2018ರಲ್ಲಿ ಕಂಡುಬಂತು. ಬರ್ಲಿನಿನ ಚಿತ್ರದಲ್ಲಿ ಕೂಲಿಗಳ ಊರು ನೆಲದೊಳಗೆ ಇತ್ತು. ನೆಲದ ಮೇಲೆಯೂ ಅಂಥದನ್ನು ಕಟ್ಟಬಹುದೆಂದು ಹೀಗೆ ತಿಳಿಯಿತು.

ದುಬೈಯ ವಿಷಯವನ್ನೂ ಹೇಳಬೇಕು. 2010ರ ಜನವರಿ 4ರಂದು ಅಲ್ಲಿ ಬುರ್ಜ್ ಖಲೀಫಾ ಎಂಬ 828 ಮೀಟರ್ ಎತ್ತರದ ಗೋಪುರವು ತೆರೆಯಲ್ಪಟ್ಟಿತು. ಗಡಾಯಿಕಲ್ಲಿನ ತುದಿಯು ಸಮುದ್ರಮಟ್ಟದಿಂದ ಸುಮಾರು 1,700 ಅಡಿ. ಈ ಗೋಪುರವು 2,700 ಅಡಿಗೂ ಹೆಚ್ಚು. ಅದನ್ನು ಕಟ್ಟಿದ ಕೈಗಳು ಬಹುಮಟ್ಟಿಗೆ ಭಾರತ, ಪಾಕಿಸ್ತಾನ, ಬಂಗ್ಲಾದೇಶ, ನೇಪಾಳ ಈ ದೇಶಗಳವು. ಹಗಲು ಆಕಾಶದಲ್ಲಿ ಕೆಲಸಮಾಡಿದವರು ರಾತ್ರಿ ಬಸ್ಸು ಹತ್ತಿ, ಪಟ್ಟಣದ ಅಂಚಿನ ಬಿಡಾರಗಳಲ್ಲಿ ಒಂದೊಂದು ಕೋಣೆಯಲ್ಲಿ ಹಲವರಾಗಿ ಮಲಗಿದರು. 2006ರ ಮಾರ್ಚಿನಲ್ಲಿ ಆ ಕಟ್ಟಡದ ಕೆಲಸದವರು ಕೂಲಿಯ ಮತ್ತು ತಮ್ಮನ್ನು ನಡೆಸಿಕೊಳ್ಳುವ ರೀತಿಯ ವಿಷಯದಲ್ಲಿ ಸಿಟ್ಟುಗೊಂಡು ಗಲಭೆಯೆಬ್ಬಿಸಿದ್ದನ್ನು ಲೋಕದ ಪತ್ರಿಕೆಗಳು ಬರೆದವು. ಕಟ್ಟುವಾಗ 160ನೇ ಅಂತಸ್ತಿನ ತನಕ ಏರಿದವನು, ಕಟ್ಟಿ ಮುಗಿದ ಮೇಲೆ ಚೀಟಿ ಕೊಂಡುಕೊಳ್ಳದೆ ಒಳಗೆ ಕಾಲಿಡಲಾರನು.

ನಮ್ಮ ರಾಜ್ಯದ ಸಂಗತಿಯನ್ನೂ ಮರೆಮಾಡಬಾರದು. ಬೆಂಗಳೂರಿನ ಈಜಿಪುರದಲ್ಲಿ ಬಡವರಿಗಾಗಿ ಕಟ್ಟಿದ್ದ ವಸತಿಗಳು ಶಿಥಿಲವಾದ ಮೇಲೆ ಅಲ್ಲಿನವರು ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ಕಾದುಕೊಂಡಿದ್ದರು. ಆ ಜಾಗದ ಒಂದು ಭಾಗದಲ್ಲಿ ದೊಡ್ಡ ವ್ಯಾಪಾರದ ಮಳಿಗೆ, ಇನ್ನೊಂದು ಭಾಗದಲ್ಲಿ ಬಡವರ ಮನೆ ಎಂದು ಏರ್ಪಾಡಾಗಿ, 2013ರ ಜನವರಿಯಲ್ಲಿ ಸುಮಾರು ಒಂದೂವರೆ ಸಾವಿರ ಕುಟುಂಬಗಳ ಶೆಡ್ಡುಗಳು ಯಂತ್ರಗಳಿಂದ ಕೆಡವಲ್ಪಟ್ಟವು. ಅವರಲ್ಲಿ ಅನೇಕರು ಬೇರೆಯವರ ಮನೆಗಳಲ್ಲಿ ಕಸಮುಸುರೆಯ ಕೆಲಸ ಮಾಡುವವರು. ಅವರ ಕೈಕೆಲಸವು ಪಟ್ಟಣಕ್ಕೆ ಬೇಕಾಗಿತ್ತು. ಅವರ ನೆರೆಹೊರೆಯು ಬೇಡವಾಗಿತ್ತು. ಇನ್ನು ಅದೇ ಪಟ್ಟಣದ ಕೆಲವು ವಸತಿಗೋಪುರಗಳಲ್ಲಿ ಒಡೆಯರಿಗೆ ಒಂದು ಲಿಫ್ಟು, ಮನೆಕೆಲಸದವರಿಗೂ ಕಸದ ಡಬ್ಬಿಗೂ ಇನ್ನೊಂದು ಲಿಫ್ಟು ಎಂಬ ಕಟ್ಟಳೆಯುಂಟು. ಮಗುವನ್ನು ಎತ್ತಿ ಆಡಿಸುವ ಹೆಂಗಸು, ಮಗು ಕೈಯಲ್ಲಿರುವಾಗ ಒಂದು ಲಿಫ್ಟಿಗೆ ಯೋಗ್ಯಳು. ಮಗುವನ್ನು ಇಳಿಸಿದ ಕೂಡಲೇ ಅದಕ್ಕೆ ಅಯೋಗ್ಯಳು!

ಇಲ್ಲಿ ಒಬ್ಬನು ಎದುರುಮಾತನ್ನಾಡಾನು: ಎತ್ತರದ ಮನೆಗಳಿಂದ ನೆಲವು ಉಳಿಯುತ್ತದಲ್ಲಾ; ನೂರು ಕುಟುಂಬಗಳು ಅರ್ಧ ಎಕರೆಯಲ್ಲಿ ಇರುವದಾದರೆ ಗದ್ದೆಗಳು ಗದ್ದೆಗಳಾಗಿಯೇ ಉಳಿಯುವವಲ್ಲಾ ಎಂದು. ನಿಜವೇ. ನಮ್ಮ ಬೈಲುಗಳಿಗೆ ಮಣ್ಣು ತುಂಬಿಸಿ ಮನೆ ಕಟ್ಟುವದನ್ನು ನೋಡುವವರು ಈ ಮಾತನ್ನು ತಳ್ಳಿಬಿಡಲಾರರು. ಆದರೆ ಇದು ಎತ್ತರವನ್ನು ಸಮರ್ಥಿಸುವ ಮಾತೇ ಹೊರತು ಎರಡು ಬಾಗಿಲುಗಳನ್ನು ಸಮರ್ಥಿಸುವ ಮಾತಲ್ಲ.

ಇನ್ನೊಬ್ಬನು ಹೇಳಾನು: ನಾನು ಹಣ ಕೊಟ್ಟಿದ್ದೇನೆ, ಹೆಚ್ಚು ಕೊಟ್ಟವನಿಗೆ ಹೆಚ್ಚು ದೊರೆಯುವದು ನ್ಯಾಯವಲ್ಲವೋ ಎಂದು. ಹೆಚ್ಚು ಹಣಕ್ಕೆ ಅಗಲವಾದ ಕೋಣೆಯು ದೊರೆಯಲಿ, ಚೆನ್ನಾದ ನೋಟವು ದೊರೆಯಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬೇರೊಬ್ಬನ ಮುಖವನ್ನು ನೋಡದಿರುವ ಹಕ್ಕು ಮಾರಾಟದ ವಸ್ತುವಲ್ಲ. ನ್ಯೂಯಾರ್ಕ್ ಪಟ್ಟಣದಲ್ಲಿ ಒಂದೇ ಕಟ್ಟಡಕ್ಕೆ ಹಣವಂತರದೊಂದು, ಕಡಿಮೆ ಬಾಡಿಗೆಯವರದೊಂದು ಎಂದು ಎರಡು ಬಾಗಿಲುಗಳನ್ನು ಇಡುವ ಪದ್ಧತಿ ಇತ್ತು. 2014ರಲ್ಲಿ ಜನರು ಅದನ್ನು ಬಡವರ ಬಾಗಿಲು ಎಂದು ಕರೆದು ಬಹಳವಾಗಿ ಖಂಡಿಸಿದರು. 2015ರಲ್ಲಿ, ತೆರಿಗೆಯ ವಿನಾಯಿತಿಯನ್ನು ಪಡೆದು ಕಟ್ಟುವವರು ಎಲ್ಲರಿಗೂ ಒಂದೇ ಬಾಗಿಲನ್ನು ಇಡತಕ್ಕದ್ದೆಂದು ಅಲ್ಲಿ ಕಾಯಿದೆಯಾಯಿತು. ಧನದ ವಿಷಯದಲ್ಲಿ ಹೆಸರಾದ ಪಟ್ಟಣವೇ ಇದಕ್ಕೆ ಒಪ್ಪಿಕೊಂಡ ಮೇಲೆ ನಾವು ಯಾವ ನೆವವನ್ನು ಹೇಳೋಣ?

ಪಟ್ಟಣದವರನ್ನು ಬೈದು ನಮ್ಮ ಊರನ್ನು ಹೊಗಳುವದಕ್ಕಾಗಿ ಇಷ್ಟನ್ನು ಬರೆದದ್ದಲ್ಲ. ನಮ್ಮ ಹಳೆಯ ಗುತ್ತಿನ ಮನೆಗಳನ್ನು ನೆನಸಿಕೊಳ್ಳಿರಿ. ಅವು ನೆಲಕ್ಕೆ ಅಂಟಿಕೊಂಡಂಥ ಮನೆಗಳು. ಆದರೆ ಗೇಟಿನ ಹೊರಗೆ ನಿಲ್ಲತಕ್ಕವರು, ಅಂಗಳದ ಅಂಚಿನ ತನಕ ಬರತಕ್ಕವರು, ಜಗಲಿಯಲ್ಲಿ ಕೂರತಕ್ಕವರು, ಚಾವಡಿಗೆ ಹತ್ತತಕ್ಕವರು ಎಂದು ಜಾತಿಗೂ ಸ್ಥಿತಿಗೂ ತಕ್ಕಂತೆ ಅಲ್ಲಿ ಗೆರೆಗಳಿದ್ದವು. ಮಾಡು ಒಂದೇ, ನೆಲ ಒಂದೇ. ಅಂತಸ್ತು ಮಾತ್ರ ನಾಲ್ಕು! ನಮ್ಮ ಓದುಗರಲ್ಲಿ ಅನೇಕರ ಅಜ್ಜಂದಿರು ಆ ಅಂಗಳದ ಅಂಚಿನಲ್ಲಿ ನಿಂತು ಮಾತಾಡಿದವರೇ. ಗೇಣಿ ಅಕ್ಕಿಯನ್ನು ಹೊತ್ತು ತಂದವನು ಅದನ್ನು ಅಳೆದು ಕೊಟ್ಟು ಬಿಸಿಲಿನಲ್ಲಿಯೇ ತಿರುಗಿ ಹೋದನು. ಲಿಫ್ಟು ಇಲ್ಲದೆ, ಉಕ್ಕು ಇಲ್ಲದೆ, ನಲವತ್ತು ಮಾಳಿಗೆಗಳಷ್ಟು ದೂರವನ್ನು ನಾಲ್ಕು ಮಾರು ಅಂಗಳದಲ್ಲಿ ಕಟ್ಟಬಹುದೆಂಬದಕ್ಕೆ ಬೇರೆ ಸಾಕ್ಷಿ ಬೇಕೋ?

ಆದರೆ ಆ ದೂರವು ಶಾಶ್ವತವಾಗಲಿಲ್ಲ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಚಾಲಗೇಣಿಯ ಒಕ್ಕಲುಗಳು 7ನೇ ನಮೂನೆಯ ಅರ್ಜಿಯನ್ನು ಕೊಟ್ಟು, ನ್ಯಾಯಮಂಡಳಿಯ ಮುಂದೆ ನಿಂತು, ತಾವು ಗೇಯ್ದ ಭೂಮಿಗೆ ತಾವೇ ಒಡೆಯರಾದರು. ನಮ್ಮ ಜಿಲ್ಲೆಯಲ್ಲಿ ಆ ಕಾಯಿದೆಯು ಮಾಡಿದಷ್ಟು ಬದಲಾವಣೆಯನ್ನು ರಾಜ್ಯದ ಬೇರೆ ಕಡೆಗಳಲ್ಲಿ ಕಾಣುವದು ಅಪರೂಪ. ಅದರಿಂದ ಕಷ್ಟಕ್ಕೆ ಬಿದ್ದ ಚಿಕ್ಕ ಧಣಿಗಳೂ ವಿಧವೆಯರೂ ಇದ್ದರೆಂಬದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೂ ಮನುಷ್ಯನು ಕಟ್ಟಿದ ಅಂತಸ್ತನ್ನು ಮನುಷ್ಯನು ಇಳಿಸಬಲ್ಲನು ಎಂಬ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಮನೆಯ ಪಟ್ಟೆಪತ್ರದಲ್ಲಿಯೇ ಓದಿದ್ದೇವೆ.

ಈ ಕಾರಣದಿಂದಲೇ ನಮ್ಮ ಮನಸ್ಸಾಕ್ಷಿಗೆ ಒಂದು ಕಠಿಣ ಪ್ರಶ್ನೆಯು ಹುಟ್ಟುತ್ತದೆ. ಆ ಒಕ್ಕಲಿನ ಮೊಮ್ಮಗನು ಇಂದು ಬೆಂಗಳೂರಿನ ಹನ್ನೆರಡನೇ ಅಂತಸ್ತಿನಲ್ಲಿದ್ದಾನೆ. ಅವನ ಮನೆಯ ಪಾತ್ರೆ ತೊಳೆಯುವದಕ್ಕೆ ರಾಯಚೂರಿನಿಂದಲೋ ಕಲಬುರಗಿಯಿಂದಲೋ ವಲಸೆ ಬಂದ ಒಬ್ಬ ತಾಯಿಯು ಬರುತ್ತಾಳೆ. ಅವಳಿಗೆ ಅವನು ಯಾವ ಲಿಫ್ಟನ್ನು ತೋರಿಸುತ್ತಾನೆ? ಅವಳಿಗೆ ಚಹ ಕೊಡುವ ಲೋಟವು ಮನೆಯವರ ಲೋಟಗಳ ಸಾಲಿನಲ್ಲಿದೆಯೋ, ಕಿಟಕಿಯ ಮೂಲೆಯಲ್ಲಿ ಬೇರೆಯಾಗಿದೆಯೋ? ಅಜ್ಜನು ಅಂಗಳದಲ್ಲಿ ನಿಂತ ನೋವನ್ನು ಮೊಮ್ಮಗನು ಮರೆತರೆ, ಅಂಗಳವು ಎಲ್ಲಿಗೂ ಹೋಗಲಿಲ್ಲ. ಅವನ ಸಂಗಡ ಹನ್ನೆರಡು ಮಾಳಿಗೆ ಏರಿ ಬಂತು, ಅಷ್ಟೇ. ಮತ್ತು ಇದು ಬೆಂಗಳೂರಿನ ಮೊಮ್ಮಗನಿಗೆ ಮಾತ್ರ ಹೇಳತಕ್ಕ ಮಾತಲ್ಲ. ಅಡಿಕೆ ಸುಲಿಯುವದಕ್ಕೂ ತೋಟಕ್ಕೆ ಮದ್ದು ಬಿಡುವದಕ್ಕೂ ನಮ್ಮ ಮನೆಗೆ ಬರುವವರು ಹಿಂಬಾಗಿಲಲ್ಲಿ ಉಣ್ಣುತ್ತಾರೋ, ನಮ್ಮ ಪಂಕ್ತಿಯಲ್ಲಿ ಉಣ್ಣುತ್ತಾರೋ? ಆರಾಧನೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುವದನ್ನು ಕಲಿತವರು ಊಟದಲ್ಲಿ ಅದನ್ನು ಮರೆಯಬಹುದೋ?

ಮೆಟ್ರೊಪೊಲಿಸ್ ಚಿತ್ರದ ಕಡೆಯಲ್ಲಿ, ದೇವಾಲಯದ ಬಾಗಿಲಲ್ಲಿ, ಪಟ್ಟಣದ ಧಣಿಯೂ ಕೂಲಿಗಳ ಮುಖ್ಯಸ್ಥನೂ ಕೈ ಕುಲುಕುತ್ತಾರೆ. ಹೃದಯವು ಬದಲಾದರೆ ಎಲ್ಲವೂ ಸರಿಯಾಗುವದೆಂಬದು ಅದರ ಉಪದೇಶ. ಅದು ಒಳ್ಳೇ ಮಾತೇ. ಆದರೆ ಅರ್ಧ ಮಾತು. ಕೈ ಕುಲುಕಿದ ಮೇಲೆ ಕೂಲಿಯು ರಾತ್ರಿ ಎಲ್ಲಿಗೆ ಹೋಗುತ್ತಾನೆ? ತಿರುಗಿ ಅದೇ ಕತ್ತಲೆಯ ಊರಿಗೋ? ದಯೆಯುಳ್ಳ ಧಣಿಗಳು ನಮ್ಮ ಸೀಮೆಯಲ್ಲಿಯೂ ಬೇಕಾದಷ್ಟು ಇದ್ದರು. ಹಬ್ಬಕ್ಕೆ ಬಟ್ಟೆ ಕೊಟ್ಟರು, ಕಾಯಿಲೆಗೆ ಕಷಾಯ ಕೊಟ್ಟರು. ಆದರೆ ಒಕ್ಕಲಿನ ಬೆನ್ನು ನೆಟ್ಟಗಾದದ್ದು ಪಟ್ಟೆಯು ಅವನ ಹೆಸರಿಗೆ ಬಂದ ದಿನ. ಹಾಗೆಯೇ ಬಾಗಿಲಿಲ್ಲದ ದಯೆಯು ಕೆಳಗಿನವನನ್ನು ಕೆಳಗೇ ಇರಿಸುತ್ತದೆ. ದಯೆಯಿಲ್ಲದ ಬಾಗಿಲಾದರೋ ತೆರೆದಿದ್ದರೂ ಯಾರನ್ನೂ ಕರೆಯುವದಿಲ್ಲ. ಎರಡೂ ಬೇಕು: ಹೃದಯವೂ ಬೇಕು, ಹೃದಯಕ್ಕೆ ಸಾಕ್ಷಿಯಾಗಿ ತೆರೆದ ಬಾಗಿಲೂ ಬೇಕು.

ಎತ್ತರದ ಮನೆಯು ಒಳ್ಳೇದೋ ಕೆಟ್ಟದ್ದೋ ಎಂದು ತಿಳಿಯುವದಕ್ಕೆ ನೀರಿಗಿಂತ ಉತ್ತಮವಾದ ಒರೆಗಲ್ಲಿಲ್ಲ. ಆ ಚಿತ್ರದಲ್ಲಿಯೂ ಕಡೆಗೆ ಕೂಲಿಗಳ ಊರಿಗೆ ನೀರು ನುಗ್ಗುತ್ತದೆ. ಅಲ್ಲಿನ ಮಕ್ಕಳು ಮೇಲಕ್ಕೆ ಕರತರಲ್ಪಟ್ಟು, ಧಣಿಗಳ ಮಕ್ಕಳ ವಿಲಾಸದ ಶಾಲೆಯಲ್ಲಿ ಆಶ್ರಯ ಹೊಂದುತ್ತಾರೆ. ಬಂಟವಾಳದವರಿಗೆ ಇದನ್ನು ವಿವರಿಸಬೇಕೋ? 1923ರಲ್ಲಿ ಬಂದ ನೇತ್ರಾವತಿಯ ಮಾರಿಬೊಳ್ಳವನ್ನು ಅಜ್ಜಂದಿರು ಹೇಳುತ್ತಿದ್ದರು. 1974ರ ನೆರೆಯನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಪೇಟೆಯೊಳಗೆ ಹೊಳೆಯು ಏರಿದಾಗ ಉಪ್ಪರಿಗೆಯಿದ್ದ ಮನೆ ಎಂದರೆ ಗರ್ವದ ಮನೆಯಲ್ಲ, ಜೀವದ ಮನೆ; ಅದರ ಏಣಿಯು ನೆರೆಯವನಿಗೂ ಇಳಿದರೆ ಮಾತ್ರ. ಮತ್ತು ನೀರು ಅಂತಸ್ತನ್ನು ನೋಡಿ ಬರುವದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಸುತ್ತುಮುತ್ತ ಕೋಟಿಗಟ್ಟಲೆ ಬೆಲೆಯ ಬಂಗಲೆಗಳು ಮುಳುಗಿದಾಗ, ಅವುಗಳ ಒಡೆಯರನ್ನು ಹೊರತಂದದ್ದು ಹೊಲ ಉಳುವ ಟ್ರ್ಯಾಕ್ಟರುಗಳು. ಆ ದಿನ ಟ್ರ್ಯಾಕ್ಟರಿನವನು ಇವರ ಲಿಫ್ಟು ಯಾವದು, ಅವರ ಲಿಫ್ಟು ಯಾವದು ಎಂದು ಕೇಳಲಿಲ್ಲ.

ಆದಕಾರಣ ಪ್ರಿಯರೇ, ಮಕ್ಕಳು ಎತ್ತರದ ಊರುಗಳಿಗೆ ಹೋಗುವಾಗ ಹೆದರಿ ಅವರನ್ನು ತಡೆಯಬೇಡಿರಿ. ಅವರು ಎತ್ತರದಲ್ಲಿ ಮನೆ ಕೊಂಡಾಗ ಬೆರಗಾಗಿ ಹಿಗ್ಗಲೂ ಬೇಡಿರಿ. ಮನೆಯನ್ನು ನೋಡಲು ಹೋದಾಗ ಎಷ್ಟನೇ ಅಂತಸ್ತು ಎಂದು ಕೇಳುವದಕ್ಕೆ ಬದಲಾಗಿ ಮೂರು ಮಾತುಗಳನ್ನು ಕೇಳಿರಿ. ಈ ಮನೆಯಲ್ಲಿ ಕೆಲಸಮಾಡುವವರು ಯಾವ ಬಾಗಿಲಿಂದ ಬರುತ್ತಾರೆ? ಅವರು ಯಾವ ಲೋಟದಲ್ಲಿ ಕುಡಿಯುತ್ತಾರೆ? ನೀರು ಏರಿದರೆ ಅವರು ಯಾರ ಉಪ್ಪರಿಗೆಗೆ ಓಡಬಹುದು? ಈ ಮೂರಕ್ಕೆ ನೆಟ್ಟಗೆ ಉತ್ತರ ಕೊಡಬಲ್ಲವನ ಮನೆಯು ನಲವತ್ತನೇ ಅಂತಸ್ತಿನಲ್ಲಿದ್ದರೂ ಬೈಲುಗದ್ದೆಯ ಹಾಗೆ ಫಲವುಳ್ಳದ್ದು. ಕೊಡಲಾರದವನ ಮನೆಯು ನೆಲಕ್ಕೆ ಅಂಟಿಕೊಂಡಿದ್ದರೂ ನೀರು ನಿಲ್ಲದ ಬೆಟ್ಟೇ ಸರಿ. ಈ ಪ್ರಶ್ನೆಗಳನ್ನು ಮಕ್ಕಳಿಗೆ ಕೇಳುವದಕ್ಕೆ ಮುಂಚೆ, ನಮ್ಮ ನಮ್ಮ ಹಿಂಬಾಗಿಲಿಗೆ ಹೋಗಿ ಒಂದು ಸಾರಿ ನೋಡಿ ಬರೋಣ.